ಮಾರಮ್ಮನ ಹೆಸರಿಗೆ ಬಿದ್ದ ಕಂಟೈನರು

ರಫ್ತು ಕಂಪನಿಗಳ ಕಾಗದಪತ್ರ ವಿಭಾಗಕ್ಕೆ ಸೇರುವ ಹುಡುಗ ಹುಡುಗಿಯರು ಒಮ್ಮೊಮ್ಮೆ ನನ್ನನ್ನು ಹುಡುಕಿಕೊಂಡು ಬಂದು, ಕೆಲಸ ಹೇಗಿರುತ್ತದೆ ಎಂದು ಕೇಳುತ್ತಾರೆ. "ಮಾಲು ಹಡಗಿನಲ್ಲಿ ಹೋಗುತ್ತದೆ, ಕಾಗದ ವಿಮಾನದಲ್ಲಿ ಹೋಗುತ್ತದೆ. ಆದರೂ ಮಾಲೇ ಮೊದಲು ತಲುಪುತ್ತದೆ. ಅದು ಯಾಕೆ ಹಾಗಾಯಿತು ಎಂದು ಊರಿಗೆಲ್ಲ ವಿವರಣೆ ಕೊಡುತ್ತಾ ಕೂರುವುದೇ ಕೆಲಸ" ಎನ್ನುತ್ತೇನೆ. ಅವರು ನಗುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಬಂದವರು ಯಾರೂ ನಕ್ಕಿದ್ದನ್ನು ನಾನು ಕಂಡಿಲ್ಲ.

ನಾನು ದುಡಿದದ್ದು ಬಂಗಾರಪೇಟೆಯ ಹೊರಗಿದ್ದ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ. ಬೆಳಿಗ್ಗೆ ಮಾರಿಕುಪ್ಪಂ ರೈಲುಗಾಡಿ ಹತ್ತಿ ಬಂದು, ಸಂಜೆ ಅದೇ ಗಾಡಿಯಲ್ಲಿ ನಿಂತುಕೊಂಡು ವಾಪಸಾಗುತ್ತಿದ್ದೆ. ನಮ್ಮದು ಅಡುಗೆಮನೆಯ ಕಟ್ಟೆಗೆ ಹಾಕುವ ಕಲ್ಲಲ್ಲ, ಗೋರಿಕಲ್ಲು. ನಮ್ಮ ಕಡೆಯ ಕರಿಕಲ್ಲಿಗೆ ಪರದೇಶದ ಸ್ಮಶಾನಗಳಲ್ಲಿ ಒಳ್ಳೆಯ ಹೆಸರಿದೆ. ಈ ವ್ಯಾಪಾರದ ಒಂದು ಸುಖವೆಂದರೆ, ಮಾಲನ್ನು ಕೊನೆಗೆ ಬಳಸುವವರು ಯಾರೂ ತಕರಾರು ತೆಗೆಯುವುದಿಲ್ಲ. ತಕರಾರೆಲ್ಲ ಬದುಕಿದ್ದವರದು, ಅದೂ ಕಾಗದದ ಮೇಲಿನದು.

ಆ ಕಾಗದದ ಹೆಸರು ಬಿಲ್ ಆಫ್ ಲೇಡಿಂಗ್. ಆಫೀಸಿನಲ್ಲಿ ಎಲ್ಲರೂ ಬಿ.ಎಲ್. ಎನ್ನುತ್ತಾರೆ. ಮಾಲು ನಮ್ಮ ಹಡಗಿಗೆ ಏರಿದೆ ಎಂದು ಹಡಗಿನ ಕಂಪನಿ ಕೊಡುವ ರಸೀದಿ ಅದು. ಬರೀ ರಸೀದಿಯಾಗಿದ್ದರೆ ನಾನು ಇಷ್ಟು ಬೇಗ ಬೋಳಾಗುತ್ತಿರಲಿಲ್ಲ. ಮೂಲ ಬಿ.ಎಲ್. ಯಾರ ಕೈಯಲ್ಲಿದೆಯೋ ಮಾಲು ಅವರದು. ಕಂಟೈನರು ಬಂದರಿನಲ್ಲಿ ಕಣ್ಣೆದುರಿಗೇ ನಿಂತಿದ್ದರೂ, ಕಾಗದ ತೋರಿಸದೆ ಒಂದು ಚೂರು ಕಲ್ಲನ್ನೂ ಮುಟ್ಟಗೊಡುವುದಿಲ್ಲ. ಒಂದು ಕಳೆದುಹೋದರೆ ಇನ್ನೊಂದಿರಲಿ ಎಂದು ಪೂರ್ವಿಕರು ಮೂರು ಮೂಲಪ್ರತಿ ಮಾಡುವ ಪದ್ಧತಿ ಇಟ್ಟರು. ಬೆಂಗಳೂರಿನಿಂದ ನಮಗೆ ಮೇಲಧಿಕಾರಿಯಾಗಿ ಬಂದ ಒಬ್ಬ ಬುದ್ಧಿವಂತರು ಕೊರಿಯರ್ ಖರ್ಚು ಉಳಿಸಲು ಆ ಮೂರನ್ನೂ ಒಂದೇ ಕವರಿನಲ್ಲಿ ಹಾಕಿ ಕಳಿಸಿದರು. ಕವರು ಯಾವುದೋ ವಿಮಾನ ನಿಲ್ದಾಣದ ಮೂಲೆ ಸೇರಿತು, ಮೂರೂ ಒಟ್ಟಿಗೆ ಕಳೆದವು. ಅದಾದ ಮೇಲೆ ಅವರಿಗೆ ಬಡ್ತಿ ಬಂತು, ಆ ವಿಷಯ ಇಲ್ಲಿ ಬೇಡ.

ನಮ್ಮ ಯಜಮಾನರು ನಾರಾಯಣಪ್ಪನವರು. ರಾಗಿ ಬೆಳೆಯುತ್ತಿದ್ದ ಮನೆತನ. ಹೊಲದ ನಡುವಿನ ಬಂಡೆ ರಾಗಿಗಿಂತ ಹೆಚ್ಚು ಫಸಲು ಕೊಡುತ್ತದೆ ಎಂದು ಮೊದಲು ಕಂಡುಕೊಂಡವರು. ಬಂಡೆ ತೋರಿಸಿಕೊಟ್ಟವಳು ಊರ ಮಾರಮ್ಮ ಎಂದು ಅವರ ನಂಬಿಕೆ. ಗುಡಿಯ ಟ್ರಸ್ಟಿಗೂ ಅವರೇ ಅಧ್ಯಕ್ಷರು. ಹೀಗಾಗಿ ಕಾರ್ಖಾನೆಯಿಂದ ಹೊರಡುವ ಪ್ರತಿ ಬಿ.ಎಲ್. ಕೂಡ ಒಂದು ರಾತ್ರಿ ಮಾರಮ್ಮನ ಪಾದದ ಬಳಿ ಇದ್ದು, ಮೂಲೆಗೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ರಾಹುಕಾಲ ಕಳೆದ ಮೇಲೆಯೇ ಕೊರಿಯರಿನವನ ಚೀಲ ಸೇರಬೇಕು.

ಒಮ್ಮೆ ಪರದೇಶದ ಒಂದು ಬ್ಯಾಂಕು ಬಿ.ಎಲ್. ವಾಪಸು ಕಳಿಸಿತು. ದಾಖಲೆಯ ಮೇಲೆ ಕೆಂಪು ಮತ್ತು ಹಳದಿ ಕಲೆಗಳಿವೆ, ತಿದ್ದಿದ ಅನುಮಾನವಿದೆ ಎಂದು ಕಾರಣ ಕೊಟ್ಟಿತ್ತು. ಯಜಮಾನರಿಗೆ ತೋರಿಸಿದೆ.

"ಅಲ್ಲ ಕಣಯ್ಯಾ ರಾಮಚಂದ್ರಪ್ಪ, ಆ ದೇಸ್ದೋರಿಗೆ ಅರಿಸ್ನ ಕುಂಕುಮ ಅಂದ್ರೆ ತಿಳೀದಾ? ಮಂಗಳದ್ರವ್ಯ ಅಂತ ಬರ್ದಾಕು. ಅರ್ಥ ಮಾಡ್ಕಂತಾರೆ" ಎಂದರು.

ಬರೆದು ಹಾಕಿದೆ. ಮಂಗಳದ್ರವ್ಯದ ಪ್ರಸ್ತಾಪ ತಾನು ಹಣಕ್ಕೆ ಭರವಸೆ ಕೊಟ್ಟ ಲೆಟರ್ ಆಫ್ ಕ್ರೆಡಿಟ್ಟಿನಲ್ಲಿ ಎಲ್ಲೂ ಇಲ್ಲವೆಂದು ಬ್ಯಾಂಕು ಉತ್ತರಿಸಿತು. ಅಲ್ಲಿಂದ ಮುಂದೆ ಬಿ.ಎಲ್.ಗೆ ಪ್ಲಾಸ್ಟಿಕ್ ಕವರು ತೊಡಿಸಿ, ಕವರಿನ ಮೇಲೆ ಕುಂಕುಮ ಹಚ್ಚುವ ವ್ಯವಸ್ಥೆಯಾಯಿತು. ದೇವರೂ ಒಪ್ಪಿದಳು, ಬ್ಯಾಂಕೂ ಒಪ್ಪಿತು. ನನ್ನ ಇಡೀ ವೃತ್ತಿಯಲ್ಲಿ ಎರಡು ಪಕ್ಷಗಳೂ ತಕರಾರಿಲ್ಲದೆ ಒಪ್ಪಿದ ಕರಾರು ಅದೊಂದೇ.

ಹೀಗಿರುವಾಗ ಹೊಸ ಗಾಳಿ ಬೀಸಿತು. ವಿಶ್ವಸಂಸ್ಥೆಯವರು ಯಾವಾಗಲೋ ಒಂದು ಮಾದರಿ ಕಾನೂನು ಬರೆದಿಟ್ಟಿದ್ದರಂತೆ. ಬಿ.ಎಲ್. ಕಾಗದವೇ ಆಗಬೇಕಿಲ್ಲ, ಕಂಪ್ಯೂಟರಿನಲ್ಲಿದ್ದರೂ ಮೂಲಪ್ರತಿಯೇ, ಆದರೆ ಅದು ಒಂದು ಹೊತ್ತಿಗೆ ಒಬ್ಬರ ಹಿಡಿತದಲ್ಲಿ ಮಾತ್ರ ಇರಬೇಕು ಎಂಬುದು ಅದರ ಸಾರ. ಇದನ್ನು ಮೊದಲು ಒಪ್ಪಿದ್ದು ಕೊಲ್ಲಿಯ ಕಡೆಯ ಒಂದು ಪುಟ್ಟ ದೇಶ. ಆಮೇಲೆ ಹಡಗುಗಳ ಮೇಲೆಯೇ ಬದುಕುವ ಒಂದು ದ್ವೀಪ ಒಪ್ಪಿತು. ಕೊನೆಗೆ, ಈ ಕಾಗದದ ಹುಚ್ಚನ್ನು ಲೋಕಕ್ಕೆಲ್ಲ ಹಿಡಿಸಿದ ಇಂಗ್ಲೆಂಡೇ ಒಪ್ಪಿ ಕಾನೂನು ಮಾಡಿತು. ಆದರೆ ವ್ಯಾಪಾರ ಒಂಟಿ ಕಾಲಿನ ನಡಿಗೆಯಲ್ಲ. ಗಂಡಿನ ಕಡೆಯವರು ಒಪ್ಪಿ ಹೆಣ್ಣಿನ ಕಡೆಯವರು ಒಪ್ಪದಿದ್ದರೆ ಚಪ್ಪರ ಹಾಕಿ ಏನು ಫಲ? ಒಂದು ದೇಶದಲ್ಲಿ ಮೂಲಪ್ರತಿಯಾದದ್ದು ಇನ್ನೊಂದು ದೇಶದ ಬಂದರಿನಲ್ಲಿ ಬರೀ ಇಮೇಲು. ನಮ್ಮ ದೇಶವೂ ಬ್ರಿಟಿಷರ ಕಾಲದ ಹಳೆಯ ಕಾನೂನನ್ನು ಈಚೆಗೆ ತೆಗೆದು ಹೊಸದನ್ನು ಬರೆದುಕೊಂಡಿದೆ. ಅದರಲ್ಲಿ ಕಂಪ್ಯೂಟರಿನ ಬಿ.ಎಲ್.ಗೆ ಜಾಗ ಇದೆಯೇ ಎಂದು ಕೇಳಿದರೆ, ಇದೆ ಎನ್ನುವ ವಕೀಲರೂ ಇದ್ದಾರೆ, ಬರಲಿದೆ ಎನ್ನುವವರೂ ಇದ್ದಾರೆ. ಇಬ್ಬರೂ ಫೀಸು ತೆಗೆದುಕೊಳ್ಳುತ್ತಾರೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಇಂಗ್ಲೆಂಡಿಗೆ ಬಂದದ್ದು ಬಂಗಾರಪೇಟೆಗೂ ಬಂತು. ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಇದರ ಬಗ್ಗೆ ಒಂದು ವಿಚಾರ ಸಂಕಿರಣ ನಡೆಯಿತು. ಯಜಮಾನರ ಜೊತೆ ನಾನೂ ಹೋಗಿದ್ದೆ. ಕಾಗದರಹಿತ ವ್ಯಾಪಾರ ಎಂಬ ವಿಷಯದ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಚೀಲ ಕಾಗದ ಕೊಟ್ಟರು. ಮಾತಾಡಿದವರು ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಹೇಳಿದರು. ಇನ್ನು ಮುಂದೆ ಮೂಲ ಇರುವುದು ಯಂತ್ರದೊಳಗೆ. ನೀವು ಪ್ರಿಂಟು ತೆಗೆದರೆ ಅದು ಬರೀ ನಕಲು, ಅದಕ್ಕೆ ಬೆಲೆಯಿಲ್ಲ. ಊಟದ ಹೊತ್ತಿಗೆ ನಾನು ಮರೆತೆ. ಯಜಮಾನರು ಮರೆಯಲಿಲ್ಲ.

ಇಂಗ್ಲೆಂಡಿನಲ್ಲಿ ಒಬ್ಬ ಗೋರಿಕಲ್ಲಿನ ವ್ಯಾಪಾರಿ ನಮ್ಮ ಹಳೆಯ ಗಿರಾಕಿ. ಮುಂದಿನ ಕಂಟೈನರಿಗೆ ಹೊಸ ಪದ್ಧತಿಯಲ್ಲೇ ಬಿ.ಎಲ್. ಮಾಡೋಣ ಎಂದು ಅವನು ಕೇಳಿದ. ಹಡಗಿನ ಕಂಪನಿಯೂ ಒಪ್ಪಿತು, ಇಂಗ್ಲೆಂಡಿನ ಕಾನೂನಿನ ಆಸರೆಯಲ್ಲಿ ನಡೆಯಲಿ ಎಂದಿತು. ಆ ಕಂಟೈನರಿನಲ್ಲಿ ಇದ್ದ ಕಲ್ಲುಗಳಲ್ಲಿ ಒಂದರ ಮೇಲೆ ಮಾತ್ರ ಇಲ್ಲೇ ಅಕ್ಷರ ಕೆತ್ತಿ ಕಳಿಸಬೇಕಿತ್ತು. ಥಾಮಸ್ ಎಂಬ ಹುಡುಗನ ಕಲ್ಲು ಅದು. ಹೆಸರಿನ ಕೆಳಗೆ ಒಂದು ಪುಟ್ಟ ಸೈಕಲ್ಲಿನ ಚಿತ್ರ ಇರಲಿ ಎಂದು ಅವನ ತಾಯಿ ಕೇಳಿಕೊಂಡಿದ್ದಳು. ಮಗ ಹೋಗಿ ವರ್ಷ ತುಂಬುವ ದಿನ ಕಲ್ಲು ನಿಲ್ಲಿಸಬೇಕು, ಬಂಧುಗಳಿಗೆಲ್ಲ ಹೇಳಿಯಾಗಿದೆ ಎಂದು ವ್ಯಾಪಾರಿಯ ಮೂಲಕ ತಿಳಿಸಿದ್ದಳು.

ಕೆತ್ತಿದವನು ಸೆಲ್ವಂ. ಚಿನ್ನದ ಗಣಿ ಕಾರ್ಮಿಕರ ನಂದಿದುರ್ಗ ಲೈನಿನ ಮನೆಯಿಂದ ಬರುತ್ತಿದ್ದ, ಅಪ್ಪ ಗಣಿಯಲ್ಲಿದ್ದವನು. ಗೋರಿಕಲ್ಲು ಕೆತ್ತಿ ಕೆತ್ತಿ ಸಾವಿನ ವಿಷಯದಲ್ಲಿ ಅವನ ಮನಸ್ಸು ಗಟ್ಟಿಯಾಗಿತ್ತು. ಆದರೆ ಆ ಸೈಕಲ್ಲಿಗೆ ಮಾತ್ರ ತುಂಬ ಹೊತ್ತು ತೆಗೆದುಕೊಂಡ. "ಚಿಕ್ಕ ಪೈಯನ್ ಸಾರ್. ಚಕ್ರ ಕೋಣೆಯಾಗ್ ಬಂದ್ರೆ ಅವ್ರಮ್ಮ ನೋಡ್ಕಂಡ್ ಅಳ್ತಾಳೆ" ಎಂದ. ಕೋಣೆ ಎಂದರೆ ಅವನ ತಮಿಳಿನಲ್ಲಿ ಸೊಟ್ಟ.

ಕಂಟೈನರು ಚೆನ್ನೈ ಬಂದರಿನಿಂದ ಹೊರಟಿತು. ನಾನು ಇನ್ನೂ ಚೆನ್ನೈಯಲ್ಲೇ ಇದ್ದೆ. ಇತ್ತ ಆಫೀಸಿನ ಕಂಪ್ಯೂಟರಿಗೆ ನಮ್ಮ ಮೊದಲ ಎಲೆಕ್ಟ್ರಾನಿಕ್ ಬಿ.ಎಲ್. ಬಂದಿತ್ತು. ಅದನ್ನು ಇಂಗ್ಲೆಂಡಿನ ವ್ಯಾಪಾರಿಯ ಹೆಸರಿಗೆ ದಾಟಿಸುವ ಗುಂಡಿಯನ್ನು ಶ್ವೇತಾ ಒತ್ತಬೇಕಿತ್ತು. ಶ್ವೇತಾ ನಮ್ಮಲ್ಲಿ ಕಂಪ್ಯೂಟರ್ ಬಲ್ಲವಳು, ಚುರುಕು ಹುಡುಗಿ. ಅವಳ ಚುರುಕೇ ನಮಗೆ ಮುಳುವಾಯಿತು. ಆಮೇಲೆ ಅವಳೇ ಹೇಳಿದಂತೆ ನಡೆದದ್ದು ಹೀಗೆ.

ಯಜಮಾನರು ಬಂದು, "ಅಮ್ಮನ ಪಾದದ ಅತ್ರ ಇಡ್ದೆ ಎಂಗಮ್ಮಾ ಕಳ್ಸಾದು?" ಎಂದಿದ್ದಾರೆ.

"ಪ್ರಿಂಟ್ ತೆಗೆದು ಕೊಡ್ತೀನಿ ಸಾರ್. ಅದನ್ನ ಇಡಿ" ಎಂದಿದ್ದಾಳೆ ಇವಳು.

"ಪ್ರಿಂಟು ನಕಲು, ಅದಕ್ಕೆ ಬೆಲೆ ಇಲ್ಲ ಅಂತ ಆ ಓಟ್ಲಲ್ಲಿ ಅಷ್ಟೊತ್ತು ಏಳಿದ್ರಲ್ಲಮ್ಮ. ಅಮ್ಮನಿಗೆ ನಕಲು ಕೊಡಾದಾ?"

ಶ್ವೇತಾ ಯೋಚಿಸಿ, ಮಾರಮ್ಮನ ಗುಡಿ ಟ್ರಸ್ಟಿನ ದಾಖಲೆ ಕೊಟ್ಟು ಬಿ.ಎಲ್. ಇದ್ದ ಜಾಲತಾಣದಲ್ಲೇ ಒಂದು ಖಾತೆ ತೆರೆದು, ಹೆಸರಿನ ಜಾಗದಲ್ಲಿ ಮಾರಮ್ಮ ಎಂದಷ್ಟೇ ತುಂಬಿದಳು. ಟ್ರಸ್ಟಿಗೆ ಪ್ಯಾನ್ ಕಾರ್ಡೂ ಇತ್ತು, ಅಧ್ಯಕ್ಷರ ಸಹಿಯೂ ಎದುರಿಗೇ ಇತ್ತು. ಮೊಬೈಲ್ ನಂಬರು ಮಾತ್ರ ಪೂಜಾರಿ ಮುನಿವೆಂಕಟಪ್ಪನದು, ಟ್ರಸ್ಟಿನ ದಾಖಲೆಯಲ್ಲಿ ಇದ್ದದ್ದು ಅದೇ. ಯಜಮಾನರು ಪೂಜಾರಿಗೆ ಫೋನು ಮಾಡಿ, "ಒಂದ್ ನಂಬ್ರ ಬತ್ತೈತೆ, ಏಳಪ್ಪಾ. ಅಮ್ಮನಿಗೆ ಒಂದ್ ಕಂಟೈನರ್ ಒಪ್ಪಿಸ್ತಾ ಇದೀನಿ" ಎಂದರು. ಪೂಜಾರಿ ಭಕ್ತಿಯಿಂದ ಒ.ಟಿ.ಪಿ. ಹೇಳಿದ. ಶ್ವೇತಾ ಗುಂಡಿ ಒತ್ತಿದಳು. ಗೋರಿಕಲ್ಲುಗಳ ಇಡೀ ಕಂಟೈನರು ಕಾನೂನುಬದ್ಧವಾಗಿ ಮಾರಮ್ಮನ ಹಿಡಿತಕ್ಕೆ ಹೋಯಿತು.

ಮಾರನೆಯ ದಿನ ವಾಪಸು ತೆಗೆದುಕೊಳ್ಳಲು ಹೊರಟರು. ಹಿಡಿತದಲ್ಲಿ ಇಟ್ಟುಕೊಂಡವರು ತಾವೇ ಬಿಟ್ಟುಕೊಡಬೇಕು, ಅದಕ್ಕೆ ಮತ್ತೆ ಒ.ಟಿ.ಪಿ. ಬೇಕು. ಈ ಸಲ ಪೂಜಾರಿ ಕೊಡಲಿಲ್ಲ.

"ಅಮ್ಮನ ಮಡ್ಲಿಗೆ ಆಕಿದ್ದನ್ನ ವಾಪಸ್ ಕೊಡು ಅಂತೀರಲ್ಲ ಯಜಮಾನ್ರೇ. ನೀವು ಗುಡಿಗೆ ಅಧ್ಯಕ್ಸರು, ಅಮ್ಮನಿಗಲ್ಲ" ಎಂದನಂತೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕೇಳಿದ್ದೆ. ಅದು ಒ.ಟಿ.ಪಿ.ಗೂ ಅನ್ವಯಿಸುತ್ತದೆ ಎಂದು ಗೊತ್ತಿರಲಿಲ್ಲ. ಯಜಮಾನರು ಗದರಿಸಿ ಕೇಳಬಹುದಿತ್ತು, ಆದರೆ ಅವರಿಗೇ ಒಳಗೊಳಗೆ ಭಯ. ಹಿಂದೊಮ್ಮೆ ಅಮ್ಮನಿಗೆ ಬಿಟ್ಟ ಮೇಕೆಯನ್ನು ಯಾರೋ ನೆಂಟರು ಬಂದರೆಂದು ವಾಪಸು ಹಿಡಿದು ತಂದಿದ್ದರು, ಆ ವಾರವೇ ಕಲ್ಲು ಕೊಯ್ಯುವ ದೊಡ್ಡ ಯಂತ್ರ ಕೆಟ್ಟಿತ್ತು.

ನಾನು ಚೆನ್ನೈಯಿಂದ ಬಂದು ವಿಷಯ ಕೇಳಿ ಜಾಲತಾಣದ ಸಹಾಯವಾಣಿಗೆ ಫೋನು ಮಾಡಿದೆ. ಒಬ್ಬ ಹೆಣ್ಣುಮಗಳು ತುಂಬ ಮರ್ಯಾದೆಯಿಂದ, ಹಿಡಿತದಲ್ಲಿ ಇಟ್ಟುಕೊಂಡವರ ಹೊರತು ಜಗತ್ತಿನಲ್ಲಿ ಯಾರೂ ಇದನ್ನು ಬಿಡಿಸಲಾರರು, ಹೊಸ ಕಾನೂನಿನ ಹೆಚ್ಚುಗಾರಿಕೆಯೇ ಅದು ಎಂದು ವಿವರಿಸಿದಳು. "ಮಾರಮ್ಮ ಮೇಡಂ ಅವರಿಗೆ ಒಮ್ಮೆ ಲಾಗಿನ್ ಆಗಲು ಹೇಳಿ ಸರ್" ಎಂದಳು. ಮೇಡಂ ಇರುವುದು ಗರ್ಭಗುಡಿಯಲ್ಲಿ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ.

ಬಂಗಾರಪೇಟೆ ಕೋರ್ಟಿನ ಒಬ್ಬ ವಕೀಲರ ಹತ್ತಿರ ಹೋದೆವು. ವಿಷಯ ಕೇಳುತ್ತಿದ್ದಂತೆ ಅವರ ಮುಖ ಅರಳಿತು. ನಮ್ಮ ಕಾನೂನಿನಲ್ಲಿ ದೇವರು ಒಬ್ಬ ವ್ಯಕ್ತಿ, ದೇವರು ಆಸ್ತಿ ಹೊಂದಬಹುದು, ಈಗ ಇಂಗ್ಲೆಂಡಿನ ಕಾನೂನಿನಲ್ಲಿ ಕಂಪ್ಯೂಟರಿನ ಬಿ.ಎಲ್. ಕೂಡ ಆಸ್ತಿ, ಹಾಗಾಗಿ ಎಲ್ಲವೂ ಕ್ರಮಬದ್ಧವಾಗಿಯೇ ಆಗಿದೆ ಎಂದರು. "ದೇವರ ಆಸ್ತಿ ಬಿಡಿಸೋಕೆ ಕೋರ್ಟಿಗೆ ಅರ್ಜಿ ಹಾಕೋಣ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೆಸರು ನಿಲ್ಲೋ ಅಂಥ ಕೇಸು ಇದು" ಎಂದು ಸಂತೋಷಪಟ್ಟರು. ಮೊಮ್ಮಕ್ಕಳ ಹೆಸರು ಕೇಳಿ ಯಜಮಾನರು ಎದ್ದು ಹೊರಗೆ ಬಂದರು.

ಇಷ್ಟರಲ್ಲಿ ಹಡಗು ಇಂಗ್ಲೆಂಡ್ ಮುಟ್ಟಿತು. ಕಂಟೈನರು ಬಂದರಿನಲ್ಲಿ ಇಳಿಯಿತು. ವ್ಯಾಪಾರಿ ಸಿಡಿಮಿಡಿಗೊಂಡು ಬರೆಯುತ್ತಿದ್ದ, ಅದು ನನಗೆ ಅಭ್ಯಾಸವಾಗಿತ್ತು. ಆದರೆ ಒಂದು ದಿನ ಆ ತಾಯಿಯೇ ನನಗೆ ಬರೆದಳು. ಬೈದು ಬರೆದಿದ್ದರೆ ಚೆನ್ನಾಗಿತ್ತು. ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಕೇಳಿ, ನನ್ನ ಮಗನ ಕಲ್ಲು ಶುಕ್ರವಾರದೊಳಗೆ ಸಿಗಬಹುದೇ ಎಂದು ಮಾತ್ರ ಕೇಳಿದ್ದಳು. ನಾನು ಉತ್ತರ ಬರೆಯಲು ಕೂತೆ. ಆ ಹೊತ್ತಿಗೆ ಸೆಲ್ವಂ ಬಾಗಿಲಲ್ಲಿ ಬಂದು ನಿಂತು, "ಆ ಪೈಯನ್ ಕಲ್ಲು ಓಯ್ತಾ ಸಾರ್?" ಎಂದ. ದಿನಾ ಕೇಳುತ್ತಿದ್ದ. ಇನ್ನೂ ಇಲ್ಲ ಎಂದು ಹೇಳಿ, ನಡಿ ಗುಡಿಗೆ ಹೋಗೋಣ ಎಂದೆ.

ಯಜಮಾನರು, ಶ್ವೇತಾ, ಸೆಲ್ವಂ, ನಾನು, ಜೊತೆಗೆ ಶ್ವೇತಾಳ ಲ್ಯಾಪ್‌ಟಾಪು, ಎಲ್ಲರೂ ಹೋದೆವು. ಮುನಿವೆಂಕಟಪ್ಪ ಆಗಷ್ಟೇ ಡೈರಿಗೆ ಹಾಲು ಹಾಕಿ ಬಂದಿದ್ದ. ಒಳ್ಳೆಯ ಮನುಷ್ಯ, ಆದರೆ ನಿಯಮ ಎಂದರೆ ನಿಯಮ. ಅವನು ರಿಸರ್ವ್ ಬ್ಯಾಂಕಿನಲ್ಲಿ ಇರಬೇಕಿತ್ತು.

"ಸರಿ ಸಾರ್. ಅಮ್ಮನ್ನೇ ಊವು ಕೇಳಾನ. ಬಲಕ್ಕೆ ಬಿದ್ರೆ ನಂಬ್ರ ಕೊಡ್ತೀನಿ. ಎಡಕ್ಕೆ ಬಿದ್ರೆ ನಾನೇನ್ ಮಾಡಕ್ಕಾಗಲ್ಲ" ಎಂದ.

ಒದ್ದೆ ಹೂವನ್ನು ಅಮ್ಮನ ತಲೆಯ ಎರಡೂ ಕಡೆಗೆ ಅಂಟಿಸಿ ಕಾಯುವ ಪದ್ಧತಿ. ಶ್ವೇತಾ ಗುಂಡಿ ಒತ್ತಿದಳು, ಒ.ಟಿ.ಪಿ. ಹೊರಟಿತು. ತೊಂದರೆ ಏನೆಂದರೆ, ಗರ್ಭಗುಡಿಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಅದು ಸಿಗುವುದು ಹೊರಗಿನ ಬೇವಿನ ಮರದ ಕೆಳಗೆ. ಹೂ ಬೀಳುವುದು ಒಳಗೆ. ಪೂಜಾರಿ ಹೊಸ್ತಿಲ ಮೇಲೆ ಒಂದು ಕಾಲು ಆಚೆ ಒಂದು ಕಾಲು ಈಚೆ ಇಟ್ಟು, ಫೋನು ಹಿಡಿದ ಕೈಯನ್ನು ಮರದ ಕಡೆಗೆ ಚಾಚಿ, ಒಂದು ಕಣ್ಣನ್ನು ಅಮ್ಮನ ಮೇಲೂ ಇನ್ನೊಂದನ್ನು ಫೋನಿನ ಮೇಲೂ ನೆಟ್ಟು ನಿಂತ. ಒ.ಟಿ.ಪಿ. ಬಂತು, ಹೂ ಬೀಳಲಿಲ್ಲ. ಅವಧಿ ಮುಗಿದು ಒ.ಟಿ.ಪಿ. ಸತ್ತಿತು. ಶ್ವೇತಾ ಇನ್ನೊಂದು ತರಿಸಿದಳು, ಅದೂ ಸತ್ತಿತು. ಮತ್ತೊಂದಕ್ಕೆ ಒತ್ತಿದರೆ, ಇನ್ನು ಒಂದೇ ಒಂದು ಸಲ ಅವಕಾಶವಿದೆ, ತಪ್ಪಿದರೆ ಖಾತೆಗೆ ಬೀಗ ಬೀಳುತ್ತದೆ ಎಂದು ಯಂತ್ರ ಎಚ್ಚರಿಸಿತು. ಅಮ್ಮನಿಗೆ ಅವಸರ ಇರಲಿಲ್ಲ. ಅವಸರ ಇದ್ದದ್ದು ಇಂಗ್ಲೆಂಡಿನಲ್ಲಿ.

ಯಜಮಾನರು ಕೈ ಮುಗಿದು ಕಣ್ಣು ಮುಚ್ಚಿಕೊಂಡರು. ನನಗೆ ತಡೆಯಲಾಗಲಿಲ್ಲ. "ಪೂಜಾರಪ್ಪ, ಇದು ಯಜಮಾನರ ಲಾಭ ನಷ್ಟದ ಮಾತಲ್ಲ" ಎಂದೆ.

ಸೆಲ್ವಂ ಮುಂದಕ್ಕೆ ಬಂದ. "ಅದ್ರಲ್ಲಿ ಒಂದ್ ಪೈಯನ್ ಕಲ್ಲೈತೆ ಸಾಮಿ. ನಾನೇ ಪೇರು ಕೆತ್ತಿದ್ದು. ಶುಕ್ರವಾರ ವರ್ಸ ತುಂಬ್ತೈತೆ. ಅವ್ರಮ್ಮ ಕಲ್ಲಿಗೆ ಕಾಯ್ತಾವ್ಳೆ. ಅವ್ಳ ಊರಲ್ಲಿ ಎಲ್ರನ್ನೂ ಕರ್ದವ್ಳೆ" ಎಂದ.

ಮುನಿವೆಂಕಟಪ್ಪ ಅವನನ್ನೇ ನೋಡಿದ. "ಎಷ್ಟ್ ವಯಸ್ಸಪ್ಪಾ ಮಗೀಗೆ?" ಎಂದು ಕೇಳಿದ.

"ಸೈಕಲ್ ಒಡ್ಯೋ ವಯಸ್ಸು ಸಾಮಿ."

ಪೂಜಾರಿ ಒಳಗಿದ್ದ ಕಾಲನ್ನು ಹೊರಗೆ ತೆಗೆದು, ಬೇವಿನ ಮರದ ಕೆಳಗೆ ಬಂದು ನಿಂತ. "ಇದನ್ ಮೊದ್ಲೇ ಯಾಕ್ ಏಳ್ಲಿಲ್ಲ? ಕಂಟೈನರು ಕಂಟೈನರು ಅಂತ ಬಡ್ಕಂತಿದ್ರಿ. ತಾಯಿ ಸಂಕ್ಟ ತಾಯಿಗೆ ತಿಳೀದಾ? ಊವು ಬಿದ್ದಾಗ ಬೀಳ್ಲಿ. ಒತ್ತಮ್ಮಾ, ನಂಬ್ರ ಏಳ್ತೀನಿ" ಎಂದ.

ಶ್ವೇತಾ ಒತ್ತಿದಳು. ಪೂಜಾರಿ ಒಂದೊಂದೇ ಅಂಕಿ ಹೇಳಿದ, ಅವಳು ಒಂದೊಂದೇ ಬಡಿದಳು. ಬಿ.ಎಲ್. ಮಾರಮ್ಮನ ಹಿಡಿತ ಬಿಟ್ಟು ನೇರವಾಗಿ ಇಂಗ್ಲೆಂಡಿನ ವ್ಯಾಪಾರಿಯ ಕೈ ಸೇರಿತು. ಹಿಂದೆ ಕೊರಿಯರಿನಲ್ಲಿ ಹೋಗಿ ಬ್ಯಾಂಕುಗಳ ಮೇಜಿನ ಮೇಲೆಲ್ಲ ಹೊರಳಾಡಿ ತಲುಪುತ್ತಿದ್ದ ವಸ್ತು, ನಾನು ಮೂಗಿನ ಬೆವರು ಒರೆಸಿಕೊಳ್ಳುವಷ್ಟರಲ್ಲಿ ತಲುಪಿತ್ತು. ಕಾನೂನು ಮಾಡಿದವರನ್ನು ಅಂದು ಮೊದಲ ಸಲ ಮನಸಾರೆ ಹೊಗಳಿದೆ.

ಅಷ್ಟರಲ್ಲಿ ಒಳಗಿನಿಂದ ಯಜಮಾನರು, "ಪೂಜಾರಪ್ಪ, ಊವು ಬಿತ್ತು ಕಣಯ್ಯಾ" ಎಂದು ಕೂಗಿದರು. ಎಲ್ಲರೂ ಓಡಿದೆವು. ಹೂ ಬಿದ್ದಿತ್ತು, ಎಡಕ್ಕೆ. ಯಜಮಾನರ ಮುಖ ಇಳಿದು ಹೋಯಿತು. ಮುನಿವೆಂಕಟಪ್ಪ ಒಳಗೆ ಹೋಗಿ, ಅದನ್ನು ಎತ್ತಿ ಅಮ್ಮನ ಬಲಕ್ಕೆ ಇಟ್ಟು, ಅಡ್ಡಬಿದ್ದು ಎದ್ದ. "ಗಾಳಿಗೆ ಬಿದ್ದಿರಾದು. ಅಮ್ಮ ಒಪ್ಪವ್ಳೆ, ನಡೀರಿ" ಎಂದ. ಅವನ ನಿಯಮದ ಪುಸ್ತಕಕ್ಕೆ ಅಂದು ಒಂದು ತಿದ್ದುಪಡಿ ಬಂತು. ಯಾವ ಸಂಸತ್ತೂ ಇಷ್ಟು ಬೇಗ ತಿದ್ದುಪಡಿ ಮಾಡಿದ್ದನ್ನು ನಾನು ಕಂಡಿಲ್ಲ.

ಅದಾದ ಮೇಲೆ ನಮ್ಮ ಕಾರ್ಖಾನೆಯಲ್ಲಿ ಹೊಸ ಪದ್ಧತಿ ಬಂತು. ಬಿ.ಎಲ್. ಬಂದಾಗ ಲ್ಯಾಪ್‌ಟಾಪನ್ನೇ ಗುಡಿಗೆ ಒಯ್ದು, ಮುಚ್ಚಳಕ್ಕೆ ಕುಂಕುಮ ಹಚ್ಚಿ ತರುತ್ತಾರೆ. ಮಾರಮ್ಮನ ಖಾತೆಯನ್ನು ಮುಚ್ಚಿಸಲು ಅರ್ಜಿ ಹಾಕಿದ್ದೆವು. ಖಾತೆದಾರರು ಖುದ್ದಾಗಿ ವೀಡಿಯೋ ಕರೆಯಲ್ಲಿ ಮುಖ ತೋರಿಸಬೇಕು ಎಂದರು, ಹಾಗಾಗಿ ಅದು ಇನ್ನೂ ಇದೆ.

ಕೆಲಸಕ್ಕೆ ಸೇರುವ ಮಕ್ಕಳಿಗೆ ನಾನು ಹೇಳುವುದು ಇಷ್ಟು. ಕಾನೂನು ಬದಲಾಗುತ್ತದೆ, ಯಂತ್ರ ಬದಲಾಗುತ್ತದೆ, ಕಲಿತುಕೊಳ್ಳಿ, ಅದು ಕಷ್ಟವಲ್ಲ. ಆದರೆ ಎಲ್ಲಿಯದೋ ಒಂದು ಗುಂಡಿಯನ್ನು ಕೊನೆಗೆ ಒಬ್ಬ ಮನುಷ್ಯನೇ ಒತ್ತಬೇಕು. ಅವನಿಗೆ ನೀವು ಕಂಟೈನರ್ ನಂಬರು ಹೇಳಿದರೆ ನಿಯಮ ಹೇಳುತ್ತಾನೆ. ಒಳಗೇನಿದೆ ಎಂದು ಹೇಳಿ ನೋಡಿ.

ಕಲ್ಲು ಶುಕ್ರವಾರ ಬೆಳಿಗ್ಗೆ ನಿಂತಿತು. ಆ ತಾಯಿ ಫೋಟೋ ಕಳಿಸಿದ್ದಳು. ಜೊತೆಗೆ ಒಂದು ಪತ್ರವೂ ಇತ್ತು. ಈ ಹೊಸ ಬಿ.ಎಲ್.ನಲ್ಲಿ ಯಾರ ಯಾರ ಕೈ ದಾಟಿ ಬಂತು ಎಂಬುದು ಅಳಿಸದಂತೆ ಉಳಿಯುತ್ತದೆ. ವ್ಯಾಪಾರಿ ಅದನ್ನು ಅವಳಿಗೆ ತೋರಿಸಿದ್ದನಂತೆ. ನಮ್ಮ ಕಂಪನಿಯ ಹೆಸರು, ಅವನ ಹೆಸರು, ನಡುವೆ ಒಂದು ಹೆಣ್ಣಿನ ಹೆಸರು. ಆ ಹೆಂಗಸಿನ ಕೈಯಲ್ಲಿ ನನ್ನ ಮಗನ ಕಲ್ಲು ಇಷ್ಟು ದಿನ ಇತ್ತಂತೆ, ಸಮಯಕ್ಕೆ ಸರಿಯಾಗಿ ಬಿಟ್ಟುಕೊಟ್ಟಳಂತೆ, ಆಕೆಗೆ ನನ್ನ ಕೃತಜ್ಞತೆ ತಿಳಿಸಿ, ಆಕೆಗೂ ಮಕ್ಕಳಿದ್ದಾರೆಯೇ ಎಂದು ಕೇಳಿದ್ದಳು.

ನಾನು ಅದನ್ನು ಗುಡಿಗೆ ಒಯ್ದು ಮುನಿವೆಂಕಟಪ್ಪನಿಗೆ ಕನ್ನಡದಲ್ಲಿ ಹೇಳಿ, ಏನು ಬರೆಯಲಿ ಎಂದು ಕೇಳಿದೆ. ಅವನು ಅಮ್ಮನ ಕಡೆ ನೋಡಿದ.

"ಮಕ್ಳು ಅವ್ರೆ ಅಂತ ಬರೀರಿ ಸಾರ್. ಅದ್ರಲ್ಲಿ ಒಬ್ಬ ಸೈಕಲ್ ಒಡೀತಾನೆ ಅಂತಾನೂ ಬರೀರಿ."

ಹಾಗೆಯೇ ಬರೆದೆ.